ಪೀಚ್ ಕಾಬ್ಲರ್ ಮೇಲೆ ಕೆಂಪಗಾದರೂ ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯುವುದೇಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕಕ್ಕೆ ಬಂದು ವರ್ಷವಾಗಿದೆ, ಸಹೋದ್ಯೋಗಿಯ ಮನೆಯಲ್ಲಿ ತಿಂದ ಪೀಚ್ ಕಾಬ್ಲರ್ (ಪೀಚ್ ಹಣ್ಣಿಗೆ ಹಿಟ್ಟು ಸೇರಿಸಿ ಓವನ್ನಿನಲ್ಲಿ ಬೇಯಿಸುವ ಸಿಹಿ) ಮೆಚ್ಚಿ ನೀವೂ ಎರಡು ಸಲ ಮಾಡಿದಿರಿ. ಆಳದ ಗಾಜಿನ ಬಟ್ಟಲು, ಫ್ರೀಜರಿನಿಂದ ತೆಗೆದ ಹಣ್ಣು. ಎರಡು ಸಲವೂ ಮೇಲೆ ಕೆಂಪು, ನಡುವೆ ಹಸಿ ಹಿಟ್ಟು. ಬೆಣ್ಣೆ ಬೇರೆಯಾಗಿ ತೇಲುವುದನ್ನು ಕಂಡು ಎರಡನೆಯ ಸಲ ಎಲ್ಲವನ್ನೂ ಚಮಚದಿಂದ ಕಲಸಿಬಿಟ್ಟಿರಿ. ಮೊಟ್ಟೆ ಬೇಕೇ, ಏಲಕ್ಕಿ ಹಾಕಬಹುದೇ ಎಂದೂ ಕೇಳಿದ್ದೀರಿ.

ಮೊದಲು ಆ ಚಮಚವನ್ನು ಕೆಳಗಿಡಿ. ಬೆಣ್ಣೆ ತೇಲುವುದು ನಿಮ್ಮ ತಪ್ಪಲ್ಲ, ಈ ತಿನಿಸಿನ ಜಾಯಮಾನವೇ ಅದು. ಜಾರ್ಜಿಯಾದಲ್ಲಿ, ಮೇಕನ್ ಊರಿನ ಹತ್ತಿರ, ನನಗಿದು ಹನ್ನೊಂದನೆಯ ವರ್ಷ. ಇಲ್ಲಿ ಮನೆಗೊಂದು ಬಗೆಯ ಕಾಬ್ಲರ್. ಕೆಲವರು ಹಣ್ಣಿನ ಮೇಲೆ ಗಟ್ಟಿ ಹಿಟ್ಟನ್ನು ಉಂಡೆ ಉಂಡೆಯಾಗಿ ಇಡುತ್ತಾರೆ, ಕೆಲವರು ಲಟ್ಟಿಸಿ ಹೊದಿಸುತ್ತಾರೆ. ನೀವು ಮಾಡಲು ಹೊರಟದ್ದು ಮೂರನೆಯದು: ಕರಗಿದ ಬೆಣ್ಣೆಯ ಮೇಲೆ ಹಿಟ್ಟು ಹುಯ್ದು, ಅದರ ಮೇಲೆ ಹಣ್ಣು ಹರಡುವುದು. ಓವನ್ನಿನೊಳಗೆ ಈ ಮೂರೂ ಜಾಗ ಬದಲಿಸಿಕೊಳ್ಳುತ್ತವೆ. ಬೇಕಿಂಗ್ ಪೌಡರಿನಿಂದ ಗಾಳಿ ತುಂಬಿದ ಹಿಟ್ಟು ಹಗುರಾಗಿ ಮೇಲೇಳುತ್ತದೆ, ಹಣ್ಣು ಕೆಳಗಿಳಿಯುತ್ತದೆ, ಬೆಣ್ಣೆ ಅಂಚಿಗೆ ಸರಿದು ಅಲ್ಲಿನ ಹಿಟ್ಟನ್ನು ಹೆಚ್ಚುಕಡಿಮೆ ಕರಿಯುತ್ತದೆ. ಬೆಣ್ಣೆ ದೋಸೆಯ ಅಂಚು ಗರಿಯಾಗುತ್ತದಲ್ಲ, ಅದೇ ಸಂಗತಿ. ಕಲಸಿದಿರೋ, ಬೆಣ್ಣೆಯೆಲ್ಲ ಹಿಟ್ಟಿನೊಳಗೆ ಸೇರಿಕೊಂಡು ಜಿಡ್ಡು ಜಿಡ್ಡಾದ, ಭಾರವಾದ ಕೇಕು ಕೈಗೆ ಬರುತ್ತದೆ.

ಹಸಿಯಾಗಿ ಉಳಿಯಲು ಕಾರಣ ಬೇರೆ. ಬಟ್ಟಲು ಆಳವಾದಷ್ಟೂ ನಡುಭಾಗಕ್ಕೆ ಬಿಸಿ ತಲುಪುವುದು ತಡ. ಅದರ ಮೇಲೆ ನೀವು ಮಂಜುಗಟ್ಟಿದ ಹಣ್ಣು ಸುರಿದಿದ್ದೀರಿ. ಅದು ಕರಗಿ ನೀರು ಬಿಡುವುದರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ಅಷ್ಟರಲ್ಲಿ ಸಕ್ಕರೆಯಿಂದಾಗಿ ಮೇಲ್ಪದರ ಬೇಗ ಬಣ್ಣ ತಿರುಗಿತು, ನೀವು ಬಣ್ಣವನ್ನು ನಂಬಿ ಹೊರತೆಗೆದಿರಿ.

ನನ್ನ ಮೊದಲ ಕಾಬ್ಲರ್ ಹಸಿಯಾಗುವ ಮಟ್ಟಕ್ಕೂ ಹೋಗಲಿಲ್ಲ. ಓವನ್ನಿನಲ್ಲಿ ಗಾಜಿನ ತಟ್ಟೆಯಿಟ್ಟು ಬೆಣ್ಣೆ ಕರಗಿಸಿದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿನಲ್ಲಿ ಕಲಸಿದ ಹಿಟ್ಟನ್ನು ಅದರೊಳಗೆ ಸುರಿದೆ. ‘ಟಪ್’ ಎಂದಿತು. ತಟ್ಟೆ ಎರಡು ಹೋಳು. ಬೆಣ್ಣೆಯೆಲ್ಲ ಓವನ್ನಿನ ತಳಕ್ಕೆ ಇಳಿದು ಹೊಗೆಯೆದ್ದು, ಹೊಗೆಯ ಗಂಟೆ ಬೀದಿಗೆಲ್ಲ ಕೇಳುವಂತೆ ಅರಚತೊಡಗಿತು. ಪಕ್ಕದ ಮನೆಯ ಅಜ್ಜಿ ಓಡಿ ಬಂದರು. ಇಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮುಂದೆ ‘ಮಿಸ್’ ಸೇರಿಸಿ ಕರೆಯುವುದು ರೂಢಿ, ನಾವು ಹೆಸರಿನ ಹಿಂದೆ ಅಮ್ಮ, ಅಕ್ಕ ಸೇರಿಸುವ ಹಾಗೆ; ನಾನೂ ಹಾಗೆಯೇ ಕರೆಯುತ್ತಿದ್ದೆ. ಕಿಟಕಿಗಳನ್ನೆಲ್ಲ ತೆರೆದು, ನೆಲದ ಮೇಲಿನ ಚೂರುಗಳನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: ‘ಹಾಲು ತಣ್ಣಗಿತ್ತೇ?’ ಮರುದಿನ ತಮ್ಮ ಅಡುಗೆಮನೆಗೆ ಕರೆದು ಮಾಡಿ ತೋರಿಸಿದರು. ಅಂದಿನಿಂದ ನಾನು ಬೆಣ್ಣೆ ಕರಗಿಸುವುದು ಲೋಹದ ತಟ್ಟೆಯಲ್ಲಿ, ಇಲ್ಲವೇ ಬೀಡು ಕಬ್ಬಿಣದ ಬಾಣಲೆಯಲ್ಲಿ. ನಿಮ್ಮಲ್ಲಿ ಗಾಜಿನದೇ ಇದ್ದರೆ ಬೆಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ತಟ್ಟೆಗೆ ಹುಯ್ಯಿರಿ, ಹಾಲು ಕೋಣೆಯ ಬಿಸಿಗೆ ಬಂದಿರಲಿ, ಹಣ್ಣು ಉಗುರುಬೆಚ್ಚಗಿರಲಿ.

ಅಜ್ಜಿಯ ಲೆಕ್ಕ ನಾಲಿಗೆಯ ತುದಿಯಲ್ಲಿ ಉಳಿಯುವಂಥದ್ದು: ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಒಂದು ಕಡ್ಡಿ ಬೆಣ್ಣೆ. ಇಲ್ಲಿಯ ಒಂದು ಕಡ್ಡಿ ಎಂದರೆ 113 ಗ್ರಾಂ, ಒಂದು ಕಪ್ ಮೈದಾ ಸುಮಾರು 120 ಗ್ರಾಂ, ಹಾಲು 240 ಮಿಲಿಲೀಟರ್. ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು. ದಕ್ಷಿಣದ ರಾಜ್ಯಗಳ ಅಡುಗೆಮನೆಗಳಲ್ಲಿ ಬೇಕಿಂಗ್ ಪೌಡರ್ ಮತ್ತು ಉಪ್ಪು ಮೊದಲೇ ಬೆರೆಸಿದ ‘ಸೆಲ್ಫ್ ರೈಸಿಂಗ್’ ಹಿಟ್ಟಿನ ಚೀಲವೂ ಇರುತ್ತದೆ. ಅದನ್ನು ಬಳಸಿದರೆ ಇವೆರಡನ್ನೂ ಮತ್ತೆ ಹಾಕಬಾರದು. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ 1883ರಲ್ಲಿ ಶುರುವಾದ ವೈಟ್ ಲಿಲಿ ಹಿಟ್ಟಿನ ಹೆಸರನ್ನು ಇಲ್ಲಿಯ ಅಜ್ಜಿಯಂದಿರು ನಮ್ಮವರು ಸೋನಾ ಮಸೂರಿಯ ಹೆಸರು ಹೇಳುವಷ್ಟೇ ಭಕ್ತಿಯಿಂದ ಹೇಳುತ್ತಾರೆ. ಮೆದು ಗೋಧಿಯ ಹಿಟ್ಟು ಅದು, ಅಂಟು ಕಡಿಮೆ. ಸಾಮಾನ್ಯ ಮೈದಾದಲ್ಲೂ ಕಾಬ್ಲರ್ ಚೆನ್ನಾಗಿಯೇ ಬರುತ್ತದೆ. ಸಕ್ಕರೆಯನ್ನು ನಾನು ಮುಕ್ಕಾಲು ಕಪ್ಪಿಗೆ ಇಳಿಸಿದ್ದೇನೆ. ಅರ್ಧಕ್ಕೆ ಇಳಿಸಿದಾಗ ಬ್ರೆಡ್ಡಿನಂತೆ ಒಣಗಲಾಗಿತ್ತು. ಹಿಟ್ಟಿನ ಹದ ಸೆಟ್ ದೋಸೆಯ ಹಿಟ್ಟಿಗಿಂತ ತುಸು ತೆಳು. ಸಣ್ಣ ಗಂಟುಗಳಿದ್ದರೂ ಚಿಂತೆಯಿಲ್ಲ, ಬಹಳ ಹೊತ್ತು ತಿರುವಬೇಡಿ.

ಎಂಟು ಇಂಚಿನ ಚೌಕ ತಟ್ಟೆಗೆ ಇದು ಸರಿಹೋಗುತ್ತದೆ. ಅಂಚಿನ ಗರಿ ಹೆಚ್ಚು ಬೇಕೆಂದರೆ 9×13 ಇಂಚಿನ ಅಗಲ ತಟ್ಟೆ. ಅದರಲ್ಲಿ ಬೇಯುವುದೂ ಬೇಗ, ನಿಮ್ಮ ತೊಂದರೆಗೆ ಅದೇ ಸುಲಭದ ದಾರಿ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 175. ಮೂರು ಕಪ್ ಹೋಳುಗಳಿಗೆ ಕಾಲು ಕಪ್ ಸಕ್ಕರೆ, ಒಂದು ಚಮಚ ನಿಂಬೆರಸ ಸೇರಿಸಿ, ಒಲೆಯ ಮೇಲೆ ಒಂದು ಕುದಿ ಬರಿಸಿ ಇಳಿಸಿ. ಫ್ರೀಜರಿನ ಹಣ್ಣಾದರೆ ಪೂರ್ತಿ ಕರಗಿಸಿ, ನೀರು ಬಸಿದು, ಆಮೇಲೆ ಕುದಿಸಿ. ಬೆಣ್ಣೆಯ ಮೇಲೆ ಹಿಟ್ಟನ್ನು ಹುಯ್ಯಿರಿ. ಬಿಸಿ ಕಾವಲಿಯ ಮೇಲೆ ದೋಸೆ ಹುಯ್ದಾಗಿನ ‘ಚುಂಯ್’ ಕೇಳಿದರೆ ಲೋಹದ ತಟ್ಟೆ ಸಾಕಷ್ಟು ಕಾದಿದೆ ಎಂದೇ ಲೆಕ್ಕ. ಅದರ ಮೇಲೆ ಹಣ್ಣನ್ನು ಚಮಚ ಚಮಚವಾಗಿ ಇಳಿಸಿ, ರಸವನ್ನೂ ಸೇರಿಸಿ, ಕೈ ಕಟ್ಟಿ ನಿಂತುಬಿಡಿ. ಅಂಚಿನಲ್ಲಿ ಬೆಣ್ಣೆ ಕೆರೆಯಂತೆ ನಿಂತಿರುತ್ತದೆ. ನಿಲ್ಲಲಿ.

ತಾಜಾ ಹಣ್ಣು ಸಿಗುವ ಕಾಲವಾದರೆ ಫ್ರೀಜರಿನ ಗೊಡವೆಯೇ ಬೇಡ. ಬಣ್ಣ ನೋಡಿ ಕೊಳ್ಳಬೇಡಿ. ಕೆನ್ನೆಯ ಕೆಂಪು ತಳಿಯ ಗುಣ, ಪಕ್ವತೆಯ ಗುರುತಲ್ಲ. ಕೆಂಪಿನ ನಡುವೆ ಉಳಿದ ಜಾಗ ಹಸಿರಿದೆಯೋ ಹಳದಿಗೆ ತಿರುಗಿದೆಯೋ ನೋಡಿ, ತೊಟ್ಟಿನ ಹತ್ತಿರ ಮೂಸಿ. ಮೇ ತಿಂಗಳಲ್ಲಿ ಬರುವ ಮೊದಲ ಹಣ್ಣುಗಳ ತಿರುಳು ಗೊರಟೆಯನ್ನು ಬಿಡುವುದಿಲ್ಲ, ಹೋಳು ಮಾಡಹೋದರೆ ಕೈಯಲ್ಲಿ ಬರೀ ಗೊಜ್ಜು. ಜೂನ್ ಕಳೆಯುತ್ತಿದ್ದಂತೆ ಗೊರಟೆ ಬಿಡುವ ತಳಿಗಳು ಬರುತ್ತವೆ. ಕಾಬ್ಲರಿಗೆ ಅವೇ ಸರಿ. 1870ರ ದಶಕದಲ್ಲಿ ನಮ್ಮ ಮನೆಯಿಂದ ತುಸು ದೂರದ ಮಾರ್ಷಲ್‌ವಿಲ್‌ನಲ್ಲಿ ಸ್ಯಾಮ್ಯುಯೆಲ್ ರಂಫ್ ಬೆಳೆಸಿ, ಹೆಂಡತಿಯ ಹೆಸರಿಟ್ಟ ‘ಎಲ್ಬರ್ಟಾ’ ಇಂಥದ್ದೇ ಹಣ್ಣು. ಜಾರ್ಜಿಯಾಕ್ಕೆ ಪೀಚಿನ ರಾಜ್ಯವೆಂಬ ಹೆಸರು ಬಂದುದರಲ್ಲಿ ಅದರ ಪಾಲು ದೊಡ್ಡದು. ಈಗ ಬೆಳೆಯುವುದರಲ್ಲಿ ಕ್ಯಾಲಿಫೋರ್ನಿಯಾ, ದಕ್ಷಿಣ ಕೆರೊಲಿನಾ ಎರಡೂ ಮುಂದಿವೆ. ಇದನ್ನು ಇಲ್ಲಿ ಯಾರ ಮುಂದೆಯೂ ಹೇಳಬೇಡಿ.

ಪೀಚ್ ಮರಕ್ಕೆ ಚಳಿ ಬೇಕು. ಚಳಿಗಾಲ ಬೆಚ್ಚಗಾದರೆ ಹೂ ಸರಿಯಾಗಿ ಬಿಡುವುದಿಲ್ಲ, ಬಿಟ್ಟ ಹೂವನ್ನು ಮಾರ್ಚ್ ತಿಂಗಳ ಮಂಜು ಸುಡುತ್ತದೆ. 2023ರಲ್ಲಿ ಎರಡೂ ಒಟ್ಟಿಗೆ ಬಂದು ಜಾರ್ಜಿಯಾದ ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಾಳಾಯಿತು. ಆ ಬೇಸಿಗೆ ನಾನು ಡಬ್ಬಿಯ ಹಣ್ಣಿನಲ್ಲೇ ಮಾಡಿದೆ, ಅಜ್ಜಿಯೂ ಅದನ್ನೇ ಮಾಡಿದರು, ಯಾರ ಮಾನವೂ ಹೋಗಲಿಲ್ಲ. ಡಬ್ಬಿಯದಾದರೆ ಪಾಕವನ್ನು ಅರ್ಧ ಬಸಿಯಿರಿ, ಹಣ್ಣಿಗೆ ಮತ್ತೆ ಸಕ್ಕರೆ ಹಾಕಬೇಡಿ.

ಮೊಟ್ಟೆ ಬೇಡ. ಈ ಬಗೆಯಲ್ಲಿ ಮೊಟ್ಟೆಯೇ ಇಲ್ಲ, ಅದಕ್ಕೇ ಊರಿನಿಂದ ಬಂದಾಗ ನಮ್ಮ ಅತ್ತೆಯವರು ನಿಶ್ಚಿಂತೆಯಿಂದ ಎರಡು ಸಲ ಹಾಕಿಸಿಕೊಂಡರು. ಏಲಕ್ಕಿ ಹಾಕಿ ನೋಡಿದ್ದೇನೆ. ನಮ್ಮ ಮನೆಯವರು ಒಂದು ಚಮಚ ತಿಂದು, ‘ಕೇಸರಿಬಾತ್ ಚೆನ್ನಾಗಿದೆ’ ಎಂದರು. ಇಲ್ಲಿಯವರು ದಾಲ್ಚಿನ್ನಿ ಹಾಕುತ್ತಾರೆ. ನನಗೆ ಹಿಡಿಸಿದ್ದು ಜಾಯಿಕಾಯಿ, ಅದೂ ತುರಿಮಣೆಗೆ ನಾಲ್ಕು ಸಲ ಉಜ್ಜಿದಷ್ಟು ಮಾತ್ರ.

ಬೆಂದಿತೇ ಎಂದು ತಿಳಿಯಲು ಎಂಟು ಇಂಚಿನ ತಟ್ಟೆಗೆ 50 ನಿಮಿಷ ಕಳೆದ ಮೇಲೆ ನೋಡಿ, ಅಗಲದ ತಟ್ಟೆಗೆ 40. ತಟ್ಟೆಯನ್ನು ಮೆಲ್ಲಗೆ ಅಲುಗಿಸಿದಾಗ ನಡುಭಾಗ ತುಳುಕಬಾರದು. ಕಡ್ಡಿ ಚುಚ್ಚುವಾಗ ಹಣ್ಣನ್ನು ತಪ್ಪಿಸಿ ಹಿಟ್ಟಿಗೇ ಚುಚ್ಚಿ, ಹಣ್ಣಿಗೆ ಚುಚ್ಚಿದರೆ ಯಾವಾಗಲೂ ಒದ್ದೆಯೇ. ಅಂಚಿನ ರಸದ ಗುಳ್ಳೆಗಳು ಪಾಕದಂತೆ ದಪ್ಪಗಿದ್ದು ನಿಧಾನವಾಗಿ ಒಡೆಯುತ್ತಿರಬೇಕು. ಮೇಲೆ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ (ಫಾಯಿಲ್) ಮುಚ್ಚಿ ಇನ್ನೂ ಹತ್ತು ನಿಮಿಷ ಬಿಡಿ. ರಸ ಉಕ್ಕಿ ಚೆಲ್ಲುವುದುಂಟು, ಕೆಳಗೊಂದು ಅಗಲ ತಟ್ಟೆ ಇಟ್ಟಿರಿ.

ಹೊರತೆಗೆದ ಮೇಲೆ ಅರ್ಧ ಗಂಟೆ ಮುಟ್ಟದಿರಿ. ಬಿಸಿಯಲ್ಲಿ ನೀರಾಗಿ ಕಂಡ ರಸ ಆರುತ್ತಾ ಗಟ್ಟಿಯಾಗುತ್ತದೆ. ಉಗುರುಬೆಚ್ಚಗಿರುವಾಗ ವೆನಿಲ್ಲಾ ಐಸ್‌ಕ್ರೀಮ್ ಜೊತೆಗೆ ಬಡಿಸಿ. ಮರುದಿನಕ್ಕೆ ಉಳಿದರೆ ಓವನ್ನಿನಲ್ಲೇ ಬಿಸಿಮಾಡಿ, ಮೈಕ್ರೋವೇವಿಗೆ ಹಾಕಿದರೆ ಅಂಚಿನ ಗರಿ ಮೆತ್ತಗಾಗುತ್ತದೆ. ಅಜ್ಜಿ ಮಾತ್ರ ಬಿಸಿ ಮಾಡುವ ಗೋಜಿಗೇ ಹೋಗದೆ, ಬೆಳಗಿನ ಕಾಫಿಯ ಜೊತೆ ಫ್ರಿಜ್ಜಿನಿಂದ ತೆಗೆದು ತಣ್ಣಗೇ ತಿನ್ನುತ್ತಾರೆ, ಅದೂ ಗರಿಯಾದ ಮೂಲೆಯನ್ನು ಮೊದಲೇ ತಮಗೆಂದು ಎತ್ತಿಟ್ಟುಕೊಂಡು.