ಗ್ರಂಥಾಲಯ ಸಂಶೋಧನೆಗೆ ಅನುದಾನ: ಪ್ರಸ್ತಾವನೆ ಹಿಂದಿರುಗಿದರೆ

ಹಳ್ಳಿ ಗ್ರಂಥಾಲಯಗಳ ಬಗ್ಗೆ ಸಂಶೋಧನೆಗೆ ಅನುದಾನ ಕೇಳಿದ ನಿಮ್ಮ ಪ್ರಸ್ತಾವನೆ ಏಕೆ ಹಿಂದಿರುಗಿತು ಎಂದು ಕೇಳಿದ್ದೀರಿ. ಕಾರಣ ಬಹುಶಃ ನಿಮ್ಮ ಖರ್ಚಿನ ಪಟ್ಟಿ. ಹಿರಿಯೂರು ತಾಲ್ಲೂಕಿನ ಹಳ್ಳಿ ಗ್ರಂಥಾಲಯಗಳಿಗೆ ದಲಿತ ಮಹಿಳೆಯರೂ ಅಂಧರೂ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಚೆನ್ನಾಗಿದೆ. ಆದರೆ ಕೇಳಿರುವುದು ಬ್ರೈಲ್ ಪುಸ್ತಕ, ಕಪಾಟು. ಅದು ಸಂಶೋಧನೆಯಲ್ಲ, ಖರೀದಿ. ಅವನ್ನು ತೆಗೆದು ಕ್ಷೇತ್ರ ಸಹಾಯಕರ ಸಂಭಾವನೆ, ಪ್ರಯಾಣ, ಸಂದರ್ಶನಗಳ ವೆಚ್ಚವನ್ನಷ್ಟೇ ಉಳಿಸಿ. ಸಂದರ್ಶನ ಮನೆಬಾಗಿಲಲ್ಲೇ ಆಗಬೇಕು. ಬಂದವರ ಸಹಿ ಪುಸ್ತಕ ಎಣಿಸಿದರೆ ಬಾರದವರ ಕಾರಣ ತಿಳಿಯುವುದೆಂತು?

ಬಳಿಕ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ (ಐಸಿಎಸ್‌ಎಸ್‌ಆರ್) ಕಿರು ಸಂಶೋಧನಾ ಯೋಜನೆಗೆ ನಿಮ್ಮ ಕಾಲೇಜಿನ ಮೂಲಕ ಸಲ್ಲಿಸಿ. ಅಧ್ಯಯನದ ಅನುಮತಿಗಾಗಿ ಗ್ರಂಥಾಲಯ ಇಲಾಖೆಗೆ ಅಲೆಯಬೇಡಿ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲೇ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋಗಿವೆ. ಚಿತ್ರದುರ್ಗದ ಜಿಲ್ಲಾ ಪಂಚಾಯಿತಿಗೇ ಅರ್ಜಿ ಕೊಡಿ. ಪುಸ್ತಕ, ಕಪಾಟಿನ ಬೇಡಿಕೆಯನ್ನು ಗ್ರಂಥಾಲಯದ ಕಡೆಯಿಂದಲೇ, ಗ್ರಂಥಾಲಯಗಳಿಗೆ ನೆರವು ನೀಡುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನಕ್ಕೆ ಪ್ರತ್ಯೇಕವಾಗಿ ಕಳುಹಿಸಿ.