ಬ್ಯಾಂಕಾಕ್‌ನಲ್ಲಿ ಮಾಲ್, ದೇವಸ್ಥಾನ ಬಿಟ್ಟು ಬೇರೇನಿದೆ?

ದೇವಸ್ಥಾನ, ಮಾಲ್ ಎಲ್ಲ ಆಯ್ತು, ಉಳಿದ ಶನಿವಾರ-ಭಾನುವಾರ ಏನು ಮಾಡಲಿ ಅಂತ ಕೇಳಿದ್ದೀರಿ. ನಾನಾದರೆ ಬಾಂಗ್ ಕ್ರಾಚಾವ್‌ಗೆ ಹೋಗುತ್ತೇನೆ. ಚಾವೊ ಫ್ರಾಯಾ ನದಿ ಬಳಸಿಕೊಂಡು ಹೋಗುವ ಕಡೆ ಉಳಿದಿರುವ ಹಸಿರು ಜಾಗ. ಖ್ಲಾಂಗ್ ತೋಯಿ ದಡದಿಂದ ಸಣ್ಣ ದೋಣಿಯಲ್ಲಿ ಕೆಲವೇ ನಿಮಿಷ. ಇಳಿದಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ, ಬ್ರೇಕ್ ನೋಡಿ ತಗೊಳ್ಳಿ. ಒಳಗೆ ಜೌಗಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಸಿಮೆಂಟ್ ದಾರಿಗಳಿವೆ. ಅಗಲ ಕಮ್ಮಿ, ಕೆಲವು ಕಡೆ ಪಕ್ಕದಲ್ಲಿ ಕಂಬಿಯೂ ಇಲ್ಲ. ಎದುರಿಗೆ ಸ್ಕೂಟರ್ ಬಂದರೆ ಇಳಿದು ನಿಲ್ಲೋದೇ ವಾಸಿ. ಉಡ ಅಡ್ಡ ಬಂದರೆ ಗಾಬರಿ ಬೇಡ, ಅದರ ಪಾಡಿಗೆ ಅದು ಹೋಗುತ್ತದೆ.

ಅಲ್ಲಿನ ಬಾಂಗ್ ನಾಮ್ ಫುಯೆಂಗ್ ಸಂತೆ ಜೋರಾಗೋದು ವಾರದ ಕೊನೆಯಲ್ಲೇ. ನೀವು ಸಸ್ಯಾಹಾರಿ ಅಂದಿರಿ ಅಲ್ವಾ? ಬರೀ ತರಕಾರಿ ಹುರಿದರೂ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಅಂತ ಕೇಳಿ, ಅಂದರೆ ಮಾಂಸ-ಮೀನು ಏನೂ ಹಾಕದ ಅಡುಗೆ. ಅಂಥ ಅಂಗಡಿಗಳಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ.

ಇನ್ನೊಂದು, ಸುಮ್ನೆ ಮಜಾಕ್ಕೆ: ಸೇನ್ ಸೇಪ್ ಕಾಲುವೆಯ ದೋಣಿ. ಪ್ರತೂನಾಮ್‌ನಿಂದ ಪಾನ್‌ಫಾವರೆಗೆ ಹೋಗಿ. ನೀರು ಗಲೀಜು, ಮೈಮೇಲೆ ಸಿಡಿಯುತ್ತದೆ, ಹಾಗಾಗಿ ಅಂಚಲ್ಲಿ ಕೂತವರೇ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ಕಂಡಕ್ಟರ್ ಮಾತ್ರ ಹೊರಗಿನ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಕೊಡುತ್ತಾರೆ! ರಜೆ ದಿನ ಬೇಗ ನಿಲ್ಲಿಸುತ್ತಾರೆ, ಕತ್ತಲಾಗುವ ಮುಂಚೆ ಹತ್ತಿ.