ಹಳೆ ಕ್ವಾಲಿಸ್‌ನ ಕ್ಯಾಸೆಟ್ ಸ್ಟೀರಿಯೋಗೆ ಎಂಪಿ3 ಪ್ಲೇಯರ್ ಜೋಡಿಸೋದು ಹೇಗೆ?

ನಿಮ್ಮದು 2004ರ ಕ್ವಾಲಿಸ್, ಗಾಡಿ ಜತೆಗೇ ಬಂದ ಕ್ಯಾಸೆಟ್ ಸ್ಟೀರಿಯೋ. ಆಕ್ಸ್ ಇಲ್ಲ, ಯುಎಸ್‌ಬಿ ಇಲ್ಲ, ಹಾಗಂತ ಸ್ಟೀರಿಯೋ ಬದಲಾಯಿಸೋಕೆ ಮನಸ್ಸೂ ಇಲ್ಲ. ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಹಾಡನ್ನು ಕಾರಿನ ರೇಡಿಯೋಗೆ ಕಳಿಸೋ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿ ನೋಡಿದ್ದೀರಿ, ಬೆಂಗಳೂರು ದಾಟುವವರೆಗೂ ಬರೀ ಕರಕರ. ಪ್ಲೇಯರ್‌ನಲ್ಲಿ 3.5 ಮಿ.ಮೀ. ಹೆಡ್‌ಫೋನ್ ಜಾಕ್ ಇದೆ ಅಂದಿದ್ದೀರಿ. ಇಷ್ಟು ಸಾಕು.

ಕ್ಯಾಸೆಟ್ ಈಗಲೂ ಸರಿಯಾಗಿ ಓಡುತ್ತಿದ್ದರೆ ಬೇರೆ ಯೋಚನೆಯೇ ಬೇಡ, ಕ್ಯಾಸೆಟ್ ಅಡಾಪ್ಟರ್ ತಗೊಳ್ಳಿ. ನೋಡೋಕೆ ಮಾಮೂಲಿ ಕ್ಯಾಸೆಟ್, ಆದರೆ ಒಳಗೆ ಟೇಪ್ ಇರಲ್ಲ, ಪ್ಲೇಯರ್‌ನ ಹೆಡ್‌ಫೋನ್ ಜಾಕ್‌ಗೆ ಸಿಕ್ಕಿಸೋ ಒಂದು ವೈರ್ ಇರುತ್ತದೆ. ಸ್ಟೀರಿಯೋದ ಹೆಡ್ (ಟೇಪ್ ಓದುವ ಭಾಗ) ತಾಗುವ ಜಾಗದಲ್ಲಿ ಇನ್ನೊಂದು ಪುಟ್ಟ ಹೆಡ್ ಇರುತ್ತದೆ. ಪ್ಲೇಯರ್‌ನಿಂದ ಬಂದ ಸಿಗ್ನಲ್ ಅಲ್ಲಿ ಕಾಂತಕ್ಷೇತ್ರವಾಗುತ್ತದೆ, ಸ್ಟೀರಿಯೋದ ಹೆಡ್ ಅದನ್ನೇ ಟೇಪ್ ಅಂದುಕೊಂಡು ಓದುತ್ತದೆ. ಇದರಿಂದ ಒಂದು ದೊಡ್ಡ ಲಾಭವಿದೆ: ಪ್ಲೇಯರ್‌ನ ವೈರ್ ಅಡಾಪ್ಟರ್‌ವರೆಗೆ ಮಾತ್ರ, ಅಲ್ಲಿಂದ ಸ್ಟೀರಿಯೋಗೆ ವೈರ್ ಸಂಪರ್ಕವೇ ಇಲ್ಲ. ಹಾಗಾಗಿ ಪ್ಲೇಯರ್ ಅನ್ನು ಕಾರಿನಲ್ಲೇ ಚಾರ್ಜ್‌ಗೆ ಹಾಕಿದಾಗ ಆಕ್ಸಿಲರೇಟರ್ ಒತ್ತಿದಂತೆ ಏರುವ ಆ 'ಕುಂಯ್' ಸದ್ದು ಇಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಅಡಾಪ್ಟರ್ ಹಾಕುವ ಮೊದಲು ಹೆಡ್ ಒರೆಸಿ. ಇದನ್ನು ಬಿಟ್ಟವರೇ 'ಸೌಂಡ್ ಮಂಕು' ಅಂತ ದೂರುವುದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಹಿಂಡಿ, ಕ್ಯಾಸೆಟ್ ಬಾಗಿಲಿನಿಂದ ಒಳಗೆ ಬಿಟ್ಟು ಹೊಳೆಯುವ ಹೆಡ್‌ನ ಮುಖವನ್ನು ಒರೆಸಿ. ಮೊದಲ ಕಡ್ಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಹಳೆ ಟೇಪ್‌ಗಳ ಪುಡಿ. ಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೆ ಬದಲಾಯಿಸುತ್ತಾ ಒರೆಸಿ. ಪೆಟ್ರೋಲ್, ಥಿನ್ನರ್ ಖಂಡಿತ ಬೇಡ, ರಬ್ಬರ್ ರೋಲರ್ ಮತ್ತು ಪ್ಲಾಸ್ಟಿಕ್ ಹಾಳಾಗುತ್ತವೆ.

ಈಗ ಸೆಟ್ಟಿಂಗ್. ಡಾಲ್ಬಿ (ಟೇಪ್‌ನ ಹಿಸ್ ತಗ್ಗಿಸುವ) ಬಟನ್ ಇದ್ದರೆ ಆಫ್ ಮಾಡಿ, ಆನ್ ಇದ್ದರೆ ಟ್ರೆಬಲ್ ಸುಮ್ಮನೆ ಕಡಿಮೆಯಾಗುತ್ತದೆ. 'ಮೆಟಲ್' ಟೇಪ್‌ನ ಬಟನ್ ಇದ್ದರೆ ಮೊದಲು ಆಫ್‌ನಲ್ಲೇ ಕೇಳಿ. 'ಸ' 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತಿದ್ದರೆ ಮಾತ್ರ ಆನ್ ಮಾಡಿ. ಪ್ಲೇಯರ್‌ನ ಬಾಸ್ ಬೂಸ್ಟ್, ಈಕ್ವಲೈಜರ್ ಎಲ್ಲ ಆಫ್. ಪ್ಲೇಯರ್ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು, ರೇಡಿಯೋಗೂ ಕ್ಯಾಸೆಟ್‌ಗೂ ಬದಲಾಯಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳಬೇಕು. ಸೌಂಡ್ ಒಡೆಯುತ್ತಿದ್ದರೆ ಪ್ಲೇಯರ್‌ನಲ್ಲಿ ಇಳಿಸಿ, ಸ್ಟೀರಿಯೋದಲ್ಲಿ ಏರಿಸಿ. 'ಸ್ಸ್' ಅನ್ನೋ ಹಿಸ್ ಜಾಸ್ತಿಯಾದರೆ ತಿರುಗಾಮುರುಗಾ.

ಕ್ಯಾಸೆಟ್ ಹಾಕಿದರೂ ಏನೂ ಕೇಳದಿದ್ದರೆ, ತಾನೇ ಸೈಡ್ ಬದಲಿಸುವ ಆಟೋ ರಿವರ್ಸ್ ಡೆಕ್ (ಸ್ಟೀರಿಯೋದಲ್ಲಿ ಕ್ಯಾಸೆಟ್ ಓಡಿಸುವ ಭಾಗ) ಇನ್ನೊಂದು ಸೈಡ್ ಓದುತ್ತಿರಬಹುದು. ಫಾರ್ವರ್ಡ್, ರಿವೈಂಡ್ ಎರಡೂ ಬಟನ್ ಒಟ್ಟಿಗೆ ಅರ್ಧ ಒತ್ತಿದರೆ ಅನೇಕ ಹಳೆ ಡೆಕ್‌ಗಳಲ್ಲಿ ಸೈಡ್ ಬದಲಾಗುತ್ತದೆ. ಪದೇ ಪದೇ ತಾನೇ ಸೈಡ್ ಬದಲಿಸುತ್ತಿದ್ದರೆ ಅಥವಾ ಕ್ಯಾಸೆಟ್ ಹೊರಗೆ ಉಗುಳುತ್ತಿದ್ದರೆ, ಅಡಾಪ್ಟರ್‌ನ ಒಳಗಿನ ಹಲ್ಲುಚಕ್ರಗಳು ಸಲೀಸಾಗಿ ತಿರುಗುತ್ತಿಲ್ಲ ಎಂದರ್ಥ. ರೀಲ್ ತಿರುಗುವುದು ನಿಂತರೆ ಟೇಪ್ ಮುಗಿಯಿತು ಅಂತ ಡೆಕ್ ತಿಳಿಯುತ್ತದೆ. ಕಟಕಟ ಸದ್ದು ಹೋಗಲಿ ಅಂತ ಈ ಚಕ್ರಗಳನ್ನೇ ಕಿತ್ತುಹಾಕುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ಹಾಗೆ ಮಾಡಿದರೆ ಬಹಳಷ್ಟು ಡೆಕ್‌ಗಳು ಓಡುವುದೇ ಇಲ್ಲ. ಚಕ್ರದ ಅಚ್ಚಿಗೆ ಚೂರೇ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಮಾಮೂಲಿ ಕ್ಯಾಸೆಟ್ಟನ್ನೂ ಉಗುಳುತ್ತಿದ್ದರೆ ತೊಂದರೆ ಡೆಕ್‌ನದ್ದೇ: ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ. ಅದನ್ನು ರೇಡಿಯೋ ರಿಪೇರಿಯವರಲ್ಲಿ ಹಾಕಿಸಿಕೊಳ್ಳಿ, ಆಮೇಲೆ ಅಡಾಪ್ಟರ್ ಕೊಳ್ಳಿ.

ಡೆಕ್ ಪೂರ್ತಿ ಸತ್ತುಹೋಗಿ ರೇಡಿಯೋ ಮಾತ್ರ ಬರುತ್ತಿದ್ದರೆ ಉಳಿಯುವುದು ಎಫ್‌ಎಂ ದಾರಿ. ನಿಮ್ಮ ಕರಕರಕ್ಕೆ ಕಾರಣ ಬೆಂಗಳೂರಿನ ಗಾಳಿಯೇ ತುಂಬಿರುವುದು: 91.1, 92.7, 93.5, 98.3, 101.3, 102.9, ಹೀಗೆ ಸಾಲುಸಾಲು ಸ್ಟೇಷನ್. ಟ್ರಾನ್ಸ್‌ಮಿಟರ್‌ನ ಸಣ್ಣ ಸಿಗ್ನಲ್ ಅವುಗಳ ಮುಂದೆ ನಿಲ್ಲುವುದಿಲ್ಲ. ಎರಡೂ ಕಡೆ ಕನಿಷ್ಠ 0.4 ಮೆಗಾಹರ್ಟ್ಸ್ ಖಾಲಿ ಇರುವ ಜಾಗ ಹುಡುಕಿ. 88ರ ಆಸುಪಾಸು ಮೊದಲು ನೋಡಿ. ಕಾರಿನ ಆಂಟೆನಾ ಎಳೆಯುವಂಥದ್ದಾದರೆ ಪೂರ್ತಿ ಒಳಗೆ ತಳ್ಳಿ. ಹೊರಗಿನ ಸ್ಟೇಷನ್ ಕುಗ್ಗಿ, ಒಳಗಿನ ಟ್ರಾನ್ಸ್‌ಮಿಟರ್ ಮೇಲುಗೈ ಪಡೆಯುತ್ತದೆ. ಮೈಸೂರಿಗೆ ಹೋಗುವವರಾದರೆ ಅಲ್ಲಿನ ಆಕಾಶವಾಣಿ 100.6ರಲ್ಲಿದೆ ಅನ್ನುವುದೂ ನೆನಪಿರಲಿ, ಇಲ್ಲಿ ಖಾಲಿ ಇದ್ದದ್ದು ಅಲ್ಲಿ ಖಾಲಿ ಇರಬೇಕಿಲ್ಲ.

ಇದಕ್ಕಿಂತ ಎಷ್ಟೋ ಪಾಲು ಒಳ್ಳೆಯದು ವೈರ್ ಇರುವ ಎಫ್‌ಎಂ ಮಾಡ್ಯುಲೇಟರ್: ಪ್ಲೇಯರ್‌ನ ಹಾಡನ್ನು ಗಾಳಿಯಲ್ಲಲ್ಲ, ಆಂಟೆನಾ ವೈರ್ ಮೂಲಕವೇ ರೇಡಿಯೋಗೆ ಕೊಡುವ ಪುಟ್ಟ ಪೆಟ್ಟಿಗೆ. ಸ್ಟೀರಿಯೋ ಹೊರಗೆಳೆದು, ಹಿಂದಿನ ಆಂಟೆನಾ ಪ್ಲಗ್ ಬಿಚ್ಚಿ ಮಾಡ್ಯುಲೇಟರ್‌ಗೆ ಹಾಕಬೇಕು, ಮಾಡ್ಯುಲೇಟರ್‌ನ ಪ್ಲಗ್ ಸ್ಟೀರಿಯೋಗೆ. ಸ್ವಿಚ್ ಒತ್ತಿದಾಗ ಹೊರಗಿನ ಆಂಟೆನಾವನ್ನು ಕತ್ತರಿಸುವ ಮಾದರಿಯನ್ನೇ ಕೇಳಿ ತಗೊಳ್ಳಿ. ಕೆಂಪು ವೈರನ್ನು ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್‌ಗೆ, 1 ಆಂಪ್ ಫ್ಯೂಸ್ ಮೂಲಕ ಕೊಡಿ. ಕಪ್ಪು ವೈರ್ ಸ್ಟೀರಿಯೋದ ಅರ್ಥ್‌ಗೇ ಹೋಗಲಿ, ಸಿಕ್ಕ ಸ್ಕ್ರೂಗೆ ಬೇಡ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನದು ಹೋಗುವುದಿಲ್ಲ, ಆದರೆ ಓಡುವ ಡೀಸೆಲ್ ಗಾಡಿಯೊಳಗೆ ಆ ಕೊರತೆ ಗೊತ್ತಾಗುವುದಿಲ್ಲ.

ಇಲ್ಲಿ ಮಾತ್ರ ಆ 'ಕುಂಯ್' ಕಾಟ ಕೊಡಬಹುದು. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಅದು ಗ್ರೌಂಡ್ ಲೂಪ್: ಪ್ಲೇಯರ್‌ಗೆ ಚಾರ್ಜರ್ ಮೂಲಕ ಒಂದು ಅರ್ಥ್, ಆಡಿಯೋ ವೈರ್ ಮೂಲಕ ಇನ್ನೊಂದು. ನಡುವೆ 3.5 ಮಿ.ಮೀ. ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ತೀರಾ ಅಗ್ಗದ್ದರಲ್ಲಿ ಅವು ಚಿಕ್ಕದಾಗಿ ಬಾಸ್ ಸೊರಗುತ್ತದೆ. ಚಾರ್ಜರ್ ಕಿತ್ತರೂ ಸದ್ದು ಇದ್ದರೆ ಐಸೊಲೇಟರ್ ಕೊಳ್ಳುವ ಮೊದಲು ಸ್ಟೀರಿಯೋದ ಅರ್ಥ್ ವೈರ್ ನೋಡಿಸಿ.

ಒಂದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ: ಪ್ಲೇಯರ್‌ನ ವೈರನ್ನು ಸ್ಟೀರಿಯೋದ ಸ್ಪೀಕರ್ ವೈರ್‌ಗಳಿಗೆ ಜೋಡಿಸುವುದು. ಅವು ಒಳಕ್ಕೆ ಕೊಡುವ ವೈರ್‌ಗಳಲ್ಲ, ಹೊರಕ್ಕೆ ಬರುವವು. ಈಚಿನ ಕೆಲವು ದಶಕಗಳ ಹೆಚ್ಚಿನ ಕಾರ್ ಸ್ಟೀರಿಯೋಗಳಲ್ಲಿ ಸ್ಪೀಕರ್‌ನ ಎರಡೂ ವೈರ್‌ನಲ್ಲಿ ಸುಮಾರು 6 ವೋಲ್ಟ್ ನಿಂತಿರುತ್ತದೆ. ಪ್ಲೇಯರ್‌ನ ಹೆಡ್‌ಫೋನ್ ಸರ್ಕ್ಯೂಟ್ ಸುಡುತ್ತದೆ, ಜತೆಗೆ ಸ್ಟೀರಿಯೋದ ಆಂಪ್ಲಿಫೈಯರ್ ಐಸಿಯೂ ಹೋಗಬಹುದು.